ಪ್ರಜೆಯ ಬಿಡುಗಡೆಗೆ ಬೆಲೆ ತೆರಬೇಕಾದವರು ಯಾರು?

ಕಡಲ್ಗಳ್ಳರ ಕೈಗೆ ಸಿಕ್ಕಿ ಸೆರೆಯಾದ ಪ್ರಯಾಣಿಕರನ್ನೂ ನಾವಿಕರನ್ನೂ ಹಣ ತೆತ್ತು ಬಿಡಿಸಿಕೊಳ್ಳುವುದು ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ಆದರೂ ಇಂದಿಗೂ ಇತ್ಯರ್ಥವಾಗದೆ ಉಳಿದಿದೆ. ಹಣ ಕೊಟ್ಟರೆ ಕಳ್ಳತನವು ಬೆಳೆಯುತ್ತದೆ. ಕೊಡದಿದ್ದರೆ ಮನುಷ್ಯನು ಅಳಿಯುತ್ತಾನೆ. ರಾಜಧಾನಿಗಳ ಸಚಿವಾಲಯಗಳಲ್ಲಿ ಕುಳಿತವರಿಗೆ ಮೊದಲನೆಯ ಮಾತು ದೊಡ್ಡದಾಗಿ ತೋರುತ್ತದೆ. ಮಗನ ದಾರಿಯನ್ನೋ ಗಂಡನ ದಾರಿಯನ್ನೋ ನೋಡುತ್ತ ಮನೆಯ ಜಗಲಿಯ ಮೇಲೆ ಕುಳಿತವರಿಗೆ ಎರಡನೆಯ ಮಾತೊಂದೇ ಕೇಳಿಸುತ್ತದೆ. ನಮ್ಮ ದೇಶದ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟ ಜನರು ಜಗತ್ತಿನ ನಾನಾ ರಾಷ್ಟ್ರಗಳ ಹಡಗುಗಳಲ್ಲಿ ದುಡಿದು ಜೀವಿಸುತ್ತಿರುವಾಗ, ಇದು ಯಾರದೋ ದೂರದೇಶದವರ ಪ್ರಶ್ನೆಯೆಂದು ನಾವು ಸುಮ್ಮನಿರುವಂತಿಲ್ಲ.

ಬಿಡುಗಡೆಯ ಹಣವನ್ನು ಕೊಡಕೂಡದೆನ್ನುವವರ ವಾದವನ್ನು ಮೊದಲು ಕೇಳೋಣ. ಅದು ಹಗುರವಾದ ವಾದವಲ್ಲ. ೧೯೯೧ರಲ್ಲಿ ಸೊಮಾಲಿಯಾದ ರಾಜ್ಯಸೂತ್ರವು ಕಡಿದುಬಿದ್ದಿತು. ಕಾವಲಿಲ್ಲದ ಆ ಕರಾವಳಿಗೆ ಪರದೇಶದ ಬಲೆದೋಣಿಗಳು ನುಗ್ಗಿ ಮೀನನ್ನು ಸೂರೆಗೊಂಡವು. ಬೆಸ್ತರಲ್ಲಿ ಕೆಲವರು ಬಂದೂಕು ಹಿಡಿದರು. ಆದರೆ ಹಣದ ರುಚಿ ಹತ್ತಿದ ಮೇಲೆ ಅದು ಬೆಸ್ತರ ಸೇಡಾಗಿ ಉಳಿಯದೆ ಬಂಡವಾಳಗಾರರ ಉದ್ಯಮವಾಯಿತು. ೨೦೦೫ರ ಏಪ್ರಿಲಿನಿಂದ ೨೦೧೨ರ ಡಿಸೆಂಬರಿನವರೆಗೆ ಅಲ್ಲಿ ಸೆರೆಯಾದ ೧೭೯ ಹಡಗುಗಳಿಗಾಗಿ ೩೩ ಕೋಟಿ ೯೦ ಲಕ್ಷದಿಂದ ೪೧ ಕೋಟಿ ೩೦ ಲಕ್ಷದವರೆಗೆ ಡಾಲರುಗಳು ಸಂದಾಯವಾಗಿರಬೇಕೆಂದು ವಿಶ್ವಬ್ಯಾಂಕು ೨೦೧೩ರ ತನ್ನ ವರದಿಯಲ್ಲಿ ಅಂದಾಜು ಮಾಡಿತು. ಇದರಲ್ಲಿ ಹಡಗನ್ನೇರಿ ಪ್ರಾಣವನ್ನು ಪಣವಾಗಿಟ್ಟ ಕಾಲಾಳಿಗೆ ಸಿಕ್ಕುತ್ತಿದ್ದುದು ಹಡಗೊಂದಕ್ಕೆ ೩೦ ಸಾವಿರದಿಂದ ೭೫ ಸಾವಿರ ಡಾಲರು. ದಡದ ಮೇಲೆ ನೆರಳಿನಲ್ಲಿ ಕುಳಿತು ದೋಣಿಗೂ ಎಣ್ಣೆಗೂ ಹಣ ಹೂಡಿದ ಸಾಹುಕಾರನಿಗೆ ಸಿಕ್ಕುತ್ತಿದ್ದುದು ಒಟ್ಟು ಮೊತ್ತದಲ್ಲಿ ನೂರಕ್ಕೆ ೩೦ರಿಂದ ೫೦ ಪಾಲು. ಹೀಗೆ ಒಂದು ಹಡಗಿಗೆ ತೆತ್ತ ಹಣವು ಮತ್ತೊಂದು ಹಡಗಿನ ಬೇಟೆಗೆ ಬಂಡವಾಳವಾಯಿತು. ಹಾವಿಗೆ ಹಾಲೆರೆದಂತೆ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಅಷ್ಟೇ ಅಲ್ಲ, ಹಣ ತೆತ್ತವರಿಗೆಲ್ಲ ತಮ್ಮವರು ದೊರಕಿದರೆಂಬ ಭರವಸೆಯೂ ಇಲ್ಲ. 'ಆಸ್ಫಾಲ್ಟ್ ವೆಂಚರ್' ಎಂಬ ಹಡಗನ್ನು ೨೦೧೦ರ ಸೆಪ್ಟೆಂಬರಿನಲ್ಲಿ ಹಿಡಿದರು. ಅದರಲ್ಲಿದ್ದ ೧೫ ನಾವಿಕರೂ ಭಾರತೀಯರು. ೨೦೧೧ರ ಏಪ್ರಿಲಿನಲ್ಲಿ ಹಣವು ಸಂದಿತು. ಕಳ್ಳರು ಹಣವನ್ನು ತೆಗೆದುಕೊಂಡರು, ಹಡಗನ್ನು ಬಿಟ್ಟರು, ಆದರೆ ೭ ಮಂದಿಯನ್ನು ದಡಕ್ಕೆ ಎಳೆದೊಯ್ದರು. ನಮ್ಮ ನೌಕಾದಳವು ಆ ವರ್ಷದ ಮೊದಲ ತಿಂಗಳುಗಳಲ್ಲಿ ಸೆರೆಹಿಡಿದಿದ್ದ ನೂರಕ್ಕೂ ಮಿಕ್ಕ ಸೊಮಾಲಿ ಕಳ್ಳರನ್ನು ಬಿಟ್ಟ ಹೊರತು ಇವರನ್ನು ಬಿಡೆವೆಂದರು. ಆ ಏಳು ಜನರು ಬಿಡುಗಡೆಯಾದದ್ದು ೨೦೧೪ರ ಅಕ್ಟೋಬರಿನಲ್ಲಿ. ನಾಲ್ಕು ವರ್ಷಗಳು! ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ ಎಂದು ನಮ್ಮ ಹಳ್ಳಿಗರು ಹೇಳುವುದು ಸುಳ್ಳಲ್ಲ.

ಇಷ್ಟನ್ನೆಲ್ಲ ಒಪ್ಪಿಕೊಂಡ ಮೇಲೆಯೂ ನಾವು ಒಂದು ಮಾತನ್ನು ಕೇಳದೆ ಇರಲಾರೆವು. ಹಣ ಕೊಡಕೂಡದೆಂಬ ಈ ನೀತಿಯ ಭಾರವು ಯಾರ ತಲೆಯ ಮೇಲೆ ಬೀಳುತ್ತದೆ?

೨೦೦೮ರ ನವೆಂಬರಿನಲ್ಲಿ 'ಸಿರಿಯಸ್ ಸ್ಟಾರ್' ಎಂಬ ಸೌದಿ ಅರೇಬಿಯಾದ ಎಣ್ಣೆಹಡಗು ಕಳ್ಳರ ವಶವಾಯಿತು. ಅದರ ಹೊಟ್ಟೆಯಲ್ಲಿದ್ದುದು ೨೦ ಲಕ್ಷ ಪೀಪಾಯಿ ಕಚ್ಚಾ ಎಣ್ಣೆ. ಬೆಲೆ ಸುಮಾರು ೧೦ ಕೋಟಿ ಡಾಲರು. ಎರಡು ತಿಂಗಳು ತುಂಬುವುದರೊಳಗಾಗಿ ಆಕಾಶದಿಂದ ಕೊಡೆಯ ಮೂಲಕ ಹಣದ ಗಂಟು ಇಳಿಯಿತು; ಹಡಗೂ ಅದರಲ್ಲಿದ್ದ ಜನರೂ ಪಾರಾದರು. ಇನ್ನು 'ಐಸ್‌ಬರ್ಗ್' ಎಂಬ ಹಡಗಿನ ಕಥೆಯನ್ನು ಕೇಳಿರಿ. ೨೦೧೦ರ ಮಾರ್ಚ್ ೨೯ರಂದು ಏಡನ್ನಿನ ಸಮೀಪದಲ್ಲಿ ಅದು ಸೆರೆಯಾಯಿತು. ಅದರ ೨೪ ಜನರಲ್ಲಿ ಯೆಮೆನಿನವರೂ ಘಾನಾದವರೂ ಸುಡಾನಿನವರೂ ಪಾಕಿಸ್ತಾನದವರೂ ಫಿಲಿಪೈನ್ಸಿನವರೂ ಇದ್ದರು. ನಮ್ಮವರು ಆರು ಮಂದಿ. ಹಳೆಯ ಹಡಗು, ಸಾಧಾರಣವಾದ ಸರಕು. ಒಡೆಯನು ಕೈಬಿಟ್ಟನು. ಸೊಮಾಲಿಯಾದ ಪಂಟ್‌ಲ್ಯಾಂಡ್ ಪ್ರಾಂತದ ಕಡಲಪೋಲೀಸರು ಮುತ್ತಿಗೆ ಹಾಕಿ ಅವರನ್ನು ಬಿಡಿಸಿದುದು ೨೦೧೨ರ ಡಿಸೆಂಬರ್ ೨೩ರಂದು. ಎಣಿಸಿ ನೋಡಿದರೆ ಸರಿಯಾಗಿ ಒಂದು ಸಾವಿರ ದಿನಗಳು. ಅಷ್ಟರಲ್ಲಿ ಇಪ್ಪತ್ತನಾಲ್ವರಲ್ಲಿ ಇಬ್ಬರು ಇಲ್ಲವಾಗಿದ್ದರು.

ಈ ಎರಡು ಹಡಗುಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಿದರೆ ವಿಷಯವು ಹಗಲಿನಂತೆ ಸ್ಪಷ್ಟವಾಗುತ್ತದೆ. ಹಣವನ್ನು ತೆರುವುದು ಎಣ್ಣೆಗಾಗಿ, ಉಕ್ಕಿಗಾಗಿ, ವಿಮೆಯ ಲೆಕ್ಕಕ್ಕಾಗಿ. ಮನುಷ್ಯನು ಅದರ ಜೊತೆಗೆ ಬಂದರೆ ಬಂದ. ಸರಕು ಬೆಲೆಬಾಳದಿದ್ದರೆ ಮನುಷ್ಯನಿಗೂ ಬೆಲೆಯಿಲ್ಲ. ಇದಕ್ಕೆ ಕಾಯಿದೆಯ ಅಡ್ಡಿಯೂ ಇಲ್ಲ. ಬಿಡುಗಡೆಯ ಹಣವನ್ನು ಕೊಡುವುದು ನ್ಯಾಯವಿರುದ್ಧವಲ್ಲವೆಂದು ಇಂಗ್ಲಂಡಿನ ಮೇಲ್ಮನವಿ ನ್ಯಾಯಾಲಯವು ೨೦೧೧ರಲ್ಲಿ ತೀರ್ಪಿತ್ತಿದೆ; ಕಡಲವ್ಯಾಪಾರದ ವಿಮೆಗೆ ಲಂಡನ್ನೇ ತವರುಮನೆಯಾದುದರಿಂದ ಆ ಮಾತು ಜಗತ್ತಿಗೆಲ್ಲ ಮಾರ್ಗದರ್ಶಕವಾಗಿ ನಡೆಯುತ್ತದೆ. ಎಂದಮೇಲೆ ಸರಕಾರಗಳು ಹಣ ಕೊಡಕೂಡದೆಂದು ಗಂಭೀರವಾಗಿ ಸಾರುವಾಗ ಸಿರಿವಂತನ ಹಡಗಿಗೆ ಆ ನೀತಿಯಿಂದ ಯಾವ ಬಾಧೆಯೂ ಇಲ್ಲ. ಅದು ಪಾಲಿಸಲ್ಪಡುವುದು ದಿಕ್ಕಿಲ್ಲದವನ ಮೇಲೆ ಮಾತ್ರ.

ದಿಕ್ಕಿಲ್ಲದವರು ಏನು ಮಾಡುತ್ತಾರೆ? ಭಿಕ್ಷೆ ಬೇಡುತ್ತಾರೆ. ೨೦೦೯ರ ಅಕ್ಟೋಬರಿನಲ್ಲಿ ತಮ್ಮ ಸಣ್ಣ ಹಾಯಿದೋಣಿಯಲ್ಲಿ ಹೊರಟಿದ್ದ ಬ್ರಿಟಿಷ್ ದಂಪತಿಗಳಿಬ್ಬರನ್ನು ಕಳ್ಳರು ಹಿಡಿದರು. ಅವರ ಸರಕಾರವು ಹಣ ಕೊಡಲೊಲ್ಲದೆ ಹೋಯಿತು. ಬಂಧುಗಳು ಕೂಡಿಸಿದ ಹಣವನ್ನು ವಿಮಾನದಿಂದ ಇಳಿಸಿದ ಮೇಲೆಯೂ ಅವರನ್ನು ಬಿಡಲಿಲ್ಲ. ಕಡೆಗೆ ಲಂಡನ್ನಿನಲ್ಲಿ ನೆಲೆಸಿದ ಸೊಮಾಲಿ ಜನರೂ ಮಧ್ಯಸ್ಥಿಕೆಗೆ ಬಂದು, ಮತ್ತೆ ಹಣ ಸಂದು, ೩೮೮ನೆಯ ದಿನ ಅವರು ಹೊರಬಂದರು. ೨೦೧೦ರ ಆಗಸ್ಟಿನಲ್ಲಿ ಸೆರೆಯಾದ 'ಸುಯೆಜ್' ಹಡಗಿನಲ್ಲಿ ಈಜಿಪ್ತಿನವರು, ನಮ್ಮವರು, ಪಾಕಿಸ್ತಾನದವರು, ಸಿಂಹಳದವರು ಹೀಗೆ ೨೨ ಜನರಿದ್ದರು. ಧ್ವಜವು ಪನಾಮಾ ದೇಶದ್ದು, ಒಡೆಯನು ಈಜಿಪ್ತಿನವನು. ಹೊಣೆಯು ಮಾತ್ರ ಯಾರದೂ ಅಲ್ಲ. ಪಾಕಿಸ್ತಾನದ ಅನ್ಸಾರ್ ಬರ್ನಿಯವರು ಎರಡೂ ದೇಶಗಳ ಜನರ ಮುಂದೆ ಸೆರಗೊಡ್ಡಿದರು. ಸುಮಾರು ೨೧ ಲಕ್ಷ ಡಾಲರು ಸಂದ ಮೇಲೆ ೨೦೧೧ರ ಜೂನಿನಲ್ಲಿ ಆ ೨೨ ಜನರೂ ಬದುಕಿ ಬಂದರು. ಹಗೆತನದ ಎಲ್ಲೆಯನ್ನು ಮೀರಿದ ಆ ಮನುಷ್ಯತ್ವವನ್ನು ನಾವು ಮನಸಾರೆ ಕೊಂಡಾಡುತ್ತೇವೆ. ಆದರೆ ಒಂದು ಸ್ವತಂತ್ರ ರಾಷ್ಟ್ರದ ಪ್ರಜೆಯು ಅನ್ಯರ ದಾನದಿಂದ ಮನೆಗೆ ಮರಳಬೇಕಾದುದು ಆ ರಾಷ್ಟ್ರಕ್ಕೆ ಭೂಷಣವಲ್ಲ.

ಹಾಗಾದರೆ ಬಲಪ್ರಯೋಗವೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ನೌಕಾದಳದ ಪರಾಕ್ರಮವನ್ನು ಕಂಡು ಹಿಗ್ಗದ ಭಾರತೀಯನಿಲ್ಲ. ೨೦೦೮ರ ಅಕ್ಟೋಬರಿನಿಂದ ಅದು ಏಡನ್ ಕೊಲ್ಲಿಯಲ್ಲಿ ಕಾವಲು ನಿಂತಿದೆ. ಡಿಸೆಂಬರ್ ೨೦೨೩ರಲ್ಲಿ ಸೆರೆಯಾಗಿದ್ದ 'ರುಯೆನ್' ಹಡಗನ್ನು ೨೦೨೪ರ ಮಾರ್ಚ್ ೧೬ರಂದು 'ಐ. ಎನ್. ಎಸ್. ಕೋಲ್ಕತಾ' ಯುದ್ಧನೌಕೆಯು ಸುಮಾರು ೪೦ ತಾಸುಗಳ ಕಾರ್ಯಾಚರಣೆಯಿಂದ ಗೆದ್ದಿತು. ೩೫ ಕಳ್ಳರು ಶರಣಾಗತರಾದರು, ೧೭ ಜನ ಸೆರೆಯಾಳುಗಳು ಗಾಯವಿಲ್ಲದೆ ಪಾರಾದರು. ಆದರೆ ಎಲ್ಲ ದಿನಗಳೂ ಮಾರ್ಚ್ ೧೬ ಆಗುವುದಿಲ್ಲ. ೨೦೦೮ರ ನವೆಂಬರಿನಲ್ಲಿ ನಮ್ಮದೇ ನೌಕೆಯೊಂದು ಕಳ್ಳರ ಹಡಗೆಂದು ಮುಳುಗಿಸಿದುದು ಕಳ್ಳರು ವಶಪಡಿಸಿಕೊಂಡಿದ್ದ ಥಾಯ್ಲೆಂಡಿನ ಮೀನುಹಡಗೆಂದು ಬಳಿಕ ತಿಳಿಯಿತು. ಅದರೊಳಗೆ ಬಡ ಮೀನುಗಾರರು ಸೆರೆಯಿದ್ದರು. ೨೦೧೧ರ ಫೆಬ್ರುವರಿಯಲ್ಲಿ 'ಕ್ವೆಸ್ಟ್' ಎಂಬ ಹಾಯಿದೋಣಿಯ ನಾಲ್ವರು ಅಮೆರಿಕನ್ ಪ್ರಯಾಣಿಕರು, ತಮ್ಮ ದೇಶದ ಯುದ್ಧನೌಕೆಗಳು ಕಣ್ಣಳತೆಯಲ್ಲಿ ನಿಂತಿರುವಾಗಲೇ ಕಳ್ಳರ ಗುಂಡಿಗೆ ಬಲಿಯಾದರು. 'ರುಯೆನ್' ಬಿಡುಗಡೆಯಾಗುವ ನಾಲ್ಕು ದಿನ ಮೊದಲು, ಅಂದರೆ ಮಾರ್ಚ್ ೧೨ರಂದು, ಬಾಂಗ್ಲಾದೇಶದ 'ಅಬ್ದುಲ್ಲಾ' ಹಡಗು ಸೆರೆಯಾಯಿತು. ಅದರ ೨೩ ಜನರು ಏಪ್ರಿಲಿನಲ್ಲಿ ಬಿಡುಗಡೆಯಾದದ್ದು ಹಣ ಸಂದ ಮೇಲೆಯೇ. ಒಂದೇ ಕಡಲು, ಒಂದೇ ಮಾಸ. ಒಂದು ಹಡಗಿಗೆ ಬಲ, ಮತ್ತೊಂದಕ್ಕೆ ಹಣ. ಖಡ್ಗವು ಬೇಕು, ಆದರೆ ಖಡ್ಗವು ತಲುಪಲಾರದ ಕಡೆಯಲ್ಲಿ ಸೆರೆಯಾದವನನ್ನು ಮರೆಯಬಾರದು.

ಇತಿಹಾಸವು ಈ ವಿಷಯದಲ್ಲಿ ನಮಗೆ ಬೇಕಾದಷ್ಟು ಪಾಠವನ್ನು ಹೇಳಿಟ್ಟಿದೆ. ರೋಮಿನ ಜೂಲಿಯಸ್ ಸೀಸರನು ಯೌವನದಲ್ಲಿ ಕಡಲ್ಗಳ್ಳರ ಸೆರೆಯಾದಾಗ ಅವನಿಗಾಗಿ ೫೦ ಟ್ಯಾಲೆಂಟು ಹಣವನ್ನು ತೆರಲಾಯಿತು. ಬಿಡುಗಡೆಯಾದೊಡನೆ ಅವನು ಹಡಗುಗಳನ್ನು ಕೂಡಿಸಿ ಅದೇ ಕಳ್ಳರನ್ನು ಹಿಡಿದು ಶೂಲಕ್ಕೇರಿಸಿದನು. ಕೆಲವು ವರ್ಷಗಳ ಬಳಿಕ ಪಾಂಪಿಯು ಮೂರು ತಿಂಗಳಲ್ಲಿ ಮೆಡಿಟರೇನಿಯನ್ ಕಡಲನ್ನು ಕಳ್ಳರಿಂದ ಮುಕ್ತಗೊಳಿಸಿ, ಸೋತವರಲ್ಲಿ ಅನೇಕರಿಗೆ ಒಳನಾಡಿನಲ್ಲಿ ನೆಲೆಯನ್ನು ಕೊಟ್ಟು ಬೇರೆಯ ಬಾಳಿಗೆ ಹಚ್ಚಿದನು. ಅಮೆರಿಕವು ೧೭೯೫ರಲ್ಲಿ ಅಲ್ಜಿಯರ್ಸಿನ ಅಧಿಪತಿಗೆ ಆರು ಲಕ್ಷಕ್ಕೂ ಮಿಕ್ಕ ಡಾಲರು ತೆತ್ತು ತನ್ನ ನಾವಿಕರನ್ನು ಬಿಡಿಸಿಕೊಂಡಿತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ ಯುದ್ಧನೌಕೆಗಳನ್ನು ಕಟ್ಟುವ ಶಾಸನವನ್ನು ಮಾಡಿಕೊಂಡಿತ್ತು. ೧೮೧೫ರಲ್ಲಿ ನೌಕಾದಳವನ್ನು ಕಳುಹಿಸಿ ಕಪ್ಪವನ್ನೇ ನಿಲ್ಲಿಸಿತು. ಪ್ರಜೆಯನ್ನು ಬಿಡಿಸುವುದೂ ಕಳ್ಳನನ್ನು ಅಡಗಿಸುವುದೂ ಒಂದಕ್ಕೊಂದು ವಿರೋಧವೆಂದು ಇವರಾರೂ ಬಗೆಯಲಿಲ್ಲ.

ಇವುಗಳಿಗಿಂತಲೂ ನಮ್ಮ ಮನಸ್ಸಿಗೆ ಹಿಡಿಸಿದುದು ಜರ್ಮನಿಯ ವರ್ತಕನಗರವಾದ ಹ್ಯಾಂಬರ್ಗಿನ ಮಾರ್ಗ. ಉತ್ತರ ಆಫ್ರಿಕದ ಕಳ್ಳರ ಉಪಟಳವು ಮಿತಿಮೀರಿದಾಗ ಆ ನಗರವು ೧೬೨೪ರಲ್ಲಿ ಸೆರೆಯಾಳುಗಳ ನಿಧಿಯೊಂದನ್ನು ಸ್ಥಾಪಿಸಿತು. ಹಡಗು ಬಂದರನ್ನು ಬಿಡುವ ಮೊದಲೇ ವಂತಿಗೆಯು ಸಲ್ಲಬೇಕು. ನಾವಿಕನು ಸೆರೆಯಾದರೆ ಆ ನಿಧಿಯಿಂದ ಅವನ ಬಿಡುಗಡೆ. ಡೆನ್ಮಾರ್ಕ್ ದೇಶವು ೧೭೧೫ರಲ್ಲಿ ಇದನ್ನೇ ಅನುಸರಿಸಿತು. ಅದಕ್ಕೆ ಮೊದಲು ಸೆರೆಯಾದವನಿಗೆ ಧರ್ಮಸಂಸ್ಥೆಗಳೇ ಗತಿಯಾಗಿದ್ದವು. ಸ್ಪೇನಿನ ಮಹಾಲೇಖಕ ಸೆರ್ವಾಂಟಿಸನು ಐದು ವರ್ಷ ಅಲ್ಜಿಯರ್ಸಿನಲ್ಲಿ ಕೊಳೆತು ೧೫೮೦ರಲ್ಲಿ ಹೊರಬಂದುದು ಸಂನ್ಯಾಸಿಗಳು ಕೂಡಿಸಿದ ಹಣದಿಂದ. ಹ್ಯಾಂಬರ್ಗಿನ ವರ್ತಕರು ಆ ದಾನವನ್ನು ಹಕ್ಕಾಗಿ ಮಾಡಿದರು.

ನಮ್ಮ ಧರ್ಮಶಾಸ್ತ್ರವಾದರೂ ಇದಕ್ಕೆ ಹೊರತೇ? ಕಡಲನ್ನು ಹಾಳುಗೆಡಹುವ ಹಿಂಸ್ರಿಕ ನೌಕೆಗಳನ್ನು ನಾಶಮಾಡಬೇಕೆಂದು ಕೌಟಿಲ್ಯನು ನಾವಧ್ಯಕ್ಷನಿಗೆ ವಿಧಿಸಿದ್ದಾನೆ. ಕಳ್ಳರು ಅಪಹರಿಸಿದುದನ್ನು ಅರಸನು ಪ್ರಜೆಗೆ ಕೊಡತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ದೊರಕದಿದ್ದಲ್ಲಿ ತನ್ನ ಬೊಕ್ಕಸದಿಂದ ತುಂಬಿಕೊಡಬೇಕೆಂಬುದು ಗೌತಮನ ಮತ. ಆ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ಜಗತ್ಪ್ರಸಿದ್ಧ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಕಳೆದ ಎತ್ತಿಗೂ ಕಂಚಿಗೂ ಅರಸನು ಹೊಣೆಯಾದರೆ, ಕಳೆದ ಮನುಷ್ಯನಿಗೆ ಹೊಣೆಯಾಗಬಾರದೇ?

ಪ್ರಕೃತದಲ್ಲಿ ಮಾಡತಕ್ಕುದೇನೆಂಬುದನ್ನು ಅಧಿಕಾರಿವರ್ಗದ ಅವಗಾಹನೆಗಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ಸರಕಾರವೇ ಹಣದ ಚೀಲವನ್ನು ಹೊತ್ತು ಕಳ್ಳನ ಬಾಗಿಲಿಗೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಹಾಗೆ ಮಾಡಿದರೆ ನಮ್ಮ ಪ್ರತಿಯೊಬ್ಬ ನಾವಿಕನ ತಲೆಯ ಮೇಲೂ ಬೆಲೆಯ ಚೀಟಿಯನ್ನು ಅಂಟಿಸಿದಂತಾದೀತು. ಆದರೆ ನಮ್ಮ ಬಂದರುಗಳಲ್ಲಿ ನಾವಿಕರನ್ನು ಕೂಲಿಗೆ ಹಿಡಿಯುವ ಪ್ರತಿಯೊಬ್ಬ ಒಡೆಯನೂ ಪ್ರತಿಯೊಬ್ಬ ಏಜೆಂಟನೂ, ಅವರ ಧ್ವಜವು ಯಾವುದೇ ಇರಲಿ, ಮುಂಗಡವಾಗಿ ಒಂದು ಸಾಮಾನ್ಯ ನಿಧಿಗೆ ವಂತಿಗೆಯನ್ನು ಕೊಡಲೇಬೇಕೆಂದು ವಿಧಿಸಬೇಕು. ಒಡೆಯನು ಓಡಿಹೋದಾಗ ಸಂಧಾನವನ್ನು ಮುಂದುವರಿಸುವ ಶಕ್ತಿ ಆ ನಿಧಿಗಿರಬೇಕು. ಸೆರೆಯಲ್ಲಿರುವಷ್ಟು ಕಾಲವೂ ನಾವಿಕನ ಸಂಬಳವು ನಡೆಯತಕ್ಕದ್ದೆಂದು ಅಂತರರಾಷ್ಟ್ರೀಯ ನಾವಿಕ ಒಪ್ಪಂದದ ತಿದ್ದುಪಡಿಯು ೨೦೨೦ರ ಡಿಸೆಂಬರಿನಿಂದ ಜಾರಿಗೆ ಬಂದಿದೆ. ಅದು ಕಾಗದದಲ್ಲಿ ಉಳಿಯದೆ ತಿಂಗಳು ತಿಂಗಳಿಗೆ ಅವನ ಮನೆಯನ್ನು ಮುಟ್ಟುತ್ತದೆಯೇ ಎಂದು ನೋಡುವ ಅಧಿಕಾರಿಯೊಬ್ಬನು ಬೇಕು. ಕುಟುಂಬದವರು ಕಚೇರಿಯಿಂದ ಕಚೇರಿಗೆ ಅಲೆಯದೆ ಒಂದೇ ಬಾಗಿಲಿನಲ್ಲಿ ನಿಜವಾದ ವರ್ತಮಾನವನ್ನು ಪಡೆಯುವಂತಿರಬೇಕು. ನಮ್ಮ ಸಂಸತ್ತು ೨೦೨೨ರಲ್ಲಿ ಕಡಲ್ಗಳ್ಳತನದ ವಿರುದ್ಧ ಶಾಸನವನ್ನು ಮಾಡಿತು. ದೋಣಿಯಲ್ಲಿ ಸಿಕ್ಕಿದ ಹಸಿದ ಹುಡುಗನನ್ನು ಶಿಕ್ಷಿಸಿದರೆ ಅದರ ಕೆಲಸವು ಮುಗಿಯಲಾರದು. ತೆತ್ತ ಹಣವು ಯಾವ ಬ್ಯಾಂಕಿಗೆ, ಯಾವ ಸಾಹುಕಾರನ ಮನೆಗೆ ಹರಿಯಿತೆಂಬ ಜಾಡನ್ನು ಹಿಡಿದು ಬೆನ್ನಟ್ಟಿದಾಗಲೇ ಆ ಉದ್ಯಮದ ಬೇರು ಒಣಗೀತು.

ಇದಕ್ಕೆ ಸಾಗರದಷ್ಟು ಹಣವೇನೂ ಬೇಕಿಲ್ಲ. ಹ್ಯಾಂಬರ್ಗಿನ ವರ್ತಕರಿಗೆ ನಾಲ್ಕು ನೂರು ವರ್ಷಗಳ ಹಿಂದೆ ಸಾಧ್ಯವಾದುದು ಇಂದಿನ ಭಾರತಕ್ಕೆ ಅಸಾಧ್ಯವೆಂದರೆ ನಂಬತಕ್ಕವರು ಯಾರು? ಕಳ್ಳನಿಗೆ ಹಣ ಕೊಡಬೇಡವೆಂದು ತಾಯಿಯೊಬ್ಬಳಿಗೆ ಹೇಳುವ ಅಧಿಕಾರವು, ನಿನ್ನ ಮಗನನ್ನು ನಾನು ತರುತ್ತೇನೆಂದು ಹೇಳಬಲ್ಲ ಸರಕಾರಕ್ಕೆ ಮಾತ್ರ ಉಂಟು. ಆ ಎರಡನೆಯ ಮಾತನ್ನು ಆಡಲು ಸಿದ್ಧವಾಗುವವರೆಗೆ ಮೊದಲನೆಯದನ್ನು ಆಡದಿರುವುದೇ ಲೇಸು.