ಮೋಡ ನೋಡದ ಎಂಜಿನಿಯರ್

ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಲ್ಲಿ, ಪರ್ತ್ ನಗರಕ್ಕೆ ಅಂಟಿಕೊಂಡಿರುವ ಫ್ರೀಮ್ಯಾಂಟಲ್ ಬಂದರಿನ ದಕ್ಷಿಣಕ್ಕೆ ಒಂದು ಕಡಲತೀರವಿದೆ. ದಡದಿಂದ ಕೂಗಳತೆಯಲ್ಲಿ, ನೀರಿನೊಳಗೇ, ಕುದುರೆ ಸವಾರನ ಪ್ರತಿಮೆ ನಿಂತಿದೆ. ಉಬ್ಬರಕ್ಕೆ ಕುದುರೆ ಇನ್ನಷ್ಟು ಮುಳುಗುತ್ತದೆ, ಇಳಿತಕ್ಕೆ ಮೇಲೆದ್ದು ಬಂದಂತೆ ಕಾಣುತ್ತದೆ. ಆ ಸವಾರ ಸಿ.ವೈ. ಓಕಾನರ್, ವೃತ್ತಿಯಲ್ಲಿ ಎಂಜಿನಿಯರ್. ಪರ್ತ್ ಬಳಿಯ ಮಂಡೇರಿಂಗ್ ಅಣೆಕಟ್ಟೆಯಿಂದ ಒಳನಾಡಿನ ಚಿನ್ನದ ಗಣಿಯೂರು ಕಾಲ್ಗೂರ್ಲಿಗೆ 500 ಕಿ.ಮೀ.ಗೂ ಉದ್ದದ ಕೊಳವೆ ಹಾಕಿ, ಉಗಿ ಪಂಪುಗಳಿಂದ ನೀರು ಹತ್ತಿಸುವ ಯೋಜನೆ ಅವರದು. ಇದು ಹುಚ್ಚಾಟ, ಇದರಲ್ಲಿ ದುಡ್ಡು ಹೊಡೆದಿದ್ದಾರೆ ಎಂದು ಪತ್ರಿಕೆಗಳೂ ರಾಜಕಾರಣಿಗಳೂ ಹಿಂಡಿ ಹಿಪ್ಪೆ ಮಾಡಿದರು. 1902ರ ಮಾರ್ಚ್‌ನ ಒಂದು ಬೆಳಿಗ್ಗೆ ಓಕಾನರ್ ಇದೇ ತೀರಕ್ಕೆ ಕುದುರೆ ಏರಿ ಬಂದು ಪ್ರಾಣ ಕಳೆದುಕೊಂಡರು. ಮರುವರ್ಷ ಜನವರಿಯಲ್ಲಿ ಕಾಲ್ಗೂರ್ಲಿಗೆ ನೀರು ಬಂತು. ಆ ಮಾರ್ಗ ಇವತ್ತಿಗೂ ನೀರು ಕೊಡುತ್ತಿದೆ.

ಪರ್ತ್‌ನಲ್ಲಿ ನೀರಿನ ಕೆಲಸಕ್ಕೆ ಕೈಹಾಕುವವರ ಕಣ್ಣೆದುರು ಈ ಕುದುರೆ ಇದ್ದೇ ಇರುತ್ತದೆ. ಓಕಾನರ್ ಅವರ ಕೊಳವೆಮಾರ್ಗವನ್ನೂ ಒಳಗೊಂಡಂತೆ ರಾಜ್ಯದ ನೀರು ಸರಬರಾಜು ನೋಡಿಕೊಳ್ಳುವುದು ಸರ್ಕಾರಿ ಒಡೆತನದ ವಾಟರ್ ಕಾರ್ಪೊರೇಷನ್. ನಮ್ಮ ಜಲಮಂಡಳಿಯಂಥದ್ದು ಎನ್ನಿ, ವ್ಯಾಪ್ತಿ ಮಾತ್ರ ಹೆಚ್ಚುಕಡಿಮೆ ಇಡೀ ಪಶ್ಚಿಮ ಆಸ್ಟ್ರೇಲಿಯಾ. 2008ರ ಕೊನೆಯಿಂದ ಸುಮಾರು ಹತ್ತು ವರ್ಷ ಅದರ ಸಿಇಒ ಆಗಿದ್ದವರು ಸೂ ಮರ್ಫಿ.

ಮರ್ಫಿ ಓದಿದ್ದು ಅದೇ ಊರಿನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ, ಸಿವಿಲ್ ಎಂಜಿನಿಯರಿಂಗ್. 1980ರಲ್ಲಿ ಕ್ಲಫ್ ಎಂಬ ನಿರ್ಮಾಣ ಕಂಪನಿಗೆ ಸೇರಿದರು. ಕಾಮಗಾರಿ ಸ್ಥಳದಲ್ಲಿ ಹೆಂಗಸು ಹೆಲ್ಮೆಟ್ ಹಾಕಿ ನಿಂತರೆ ಜನ ತಿರುಗಿ ನೋಡುತ್ತಿದ್ದ ಕಾಲ ಅದು. ಎರಡು ದಶಕಕ್ಕೂ ಹೆಚ್ಚು ಅಲ್ಲೇ ದುಡಿದರು. ಆ ನಡುವೆ, 1998ರಲ್ಲಿ, ಆ ಕಂಪನಿಯ ನಿರ್ದೇಶಕ ಮಂಡಳಿಗೆ ಬಂದ ಮೊದಲ ಮಹಿಳೆಯಾದರು. ವಾಟರ್ ಕಾರ್ಪೊರೇಷನ್ನಿಗೆ ಬಂದದ್ದು 2004ರಲ್ಲಿ, ಯೋಜನೆ ಮತ್ತು ಮೂಲಸೌಕರ್ಯ ವಿಭಾಗದ ಮುಖ್ಯಸ್ಥೆಯಾಗಿ. ಅವರ ವೃತ್ತಿಜೀವನದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ತಿರುವೇ. ಇಲಾಖೆಯಲ್ಲೇ ಬೆಳೆದವರಿಗೆ ಮುಂದಿನ ವರ್ಷದ ಮಳೆ ಎಂಬ ಆಸರೆ ಸದಾ ಇರುತ್ತದೆ. ಕಂಟ್ರಾಕ್ಟರ್ ಕಡೆಯಿಂದ ಬಂದವರಿಗೆ ಗೊತ್ತಿರುವುದು ತಾರೀಖು ಮತ್ತು ದರ.

ಪರ್ತ್‌ಗೆ ಆಗ ಮಳೆಯ ಆಸರೆ ಕಳಚುತ್ತಿತ್ತು. 1911ರಿಂದ 1974ರವರೆಗೆ ಆ ನಗರದ ಅಣೆಕಟ್ಟೆಗಳಿಗೆ ವರ್ಷಕ್ಕೆ ಸರಾಸರಿ 338 ಶತಕೋಟಿ ಲೀಟರ್ ನೀರು ಹರಿದು ಬರುತ್ತಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 12 ಟಿಎಂಸಿ. 1975ರ ನಂತರ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, 2000ದ ನಂತರ ಇನ್ನೂ ಅರ್ಧ. 2010ರಲ್ಲಿ ಇಡೀ ವರ್ಷಕ್ಕೆ ಬಂದದ್ದು ಅರ್ಧ ಟಿಎಂಸಿಯಷ್ಟೂ ಇಲ್ಲ. ಹಾಗೆಂದು ಮಳೆ ನಿಂತೇಹೋಯಿತೆಂದಲ್ಲ, ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಒಳಹರಿವು ಮಾತ್ರ ನೆಲಕಚ್ಚಿತು. ಬೇಸಿಗೆ ಕಳೆದು ಬೀಳುವ ಮೊದಲ ಮಳೆಗೆ ನಮ್ಮ ಬಯಲುಸೀಮೆಯ ಹೊಲ ಹಳ್ಳಕ್ಕೆ ಒಂದು ಹನಿ ಬಿಡುವುದಿಲ್ಲವಲ್ಲ, ಹಾಗೆ. ಒಣಗಿದ ಕಾಡು ಮೊದಲು ತಾನು ಕುಡಿಯುತ್ತದೆ, ಉಳಿದರೆ ಹೊಳೆಗೆ.

ಸಮುದ್ರದ ಕಡೆ ತಿರುಗುವ ತೀರ್ಮಾನ ಮರ್ಫಿ ಸಿಇಒ ಆಗುವ ಮೊದಲೇ ಆಗಿತ್ತು. 2006ರ ನವೆಂಬರಿನಲ್ಲಿ ಕ್ವಿನಾನಾ ಎಂಬಲ್ಲಿ, ಕಡಲ ನೀರಿನ ಉಪ್ಪು ತೆಗೆಯುವ ಆಸ್ಟ್ರೇಲಿಯಾದ ಮೊದಲ ದೊಡ್ಡ ಘಟಕ ಶುರುವಾಯಿತು. ವರ್ಷಕ್ಕೆ 45 ಶತಕೋಟಿ ಲೀಟರ್. ಒಳಗಿನ ಕೆಲಸ ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕದ್ದೇ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸುತ್ತೇವಲ್ಲ, ಅದೇ ಆರ್‌ಒ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವುದರಿಂದ ಪೊರೆಯ ಮೂಲಕ ನೀರನ್ನು ದೂಡಲು ಭಾರೀ ಒತ್ತಡ ಬೇಕು. ಹೀರಿಕೊಂಡ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನಷ್ಟು ಉಪ್ಪಾಗಿ ಕಡಲಿಗೇ ಮರಳುತ್ತದೆ. ಸಾವಿರ ಲೀಟರಿಗೆ ಮೂರು-ನಾಲ್ಕು ಯುನಿಟ್ ಕರೆಂಟ್ ಖರ್ಚು. ಅಷ್ಟು ವಿದ್ಯುತ್ತನ್ನು ಎಮು ಡೌನ್ಸ್ ಎಂಬಲ್ಲಿನ ಗಾಳಿಯಂತ್ರಗಳಿಂದ ಕೊಳ್ಳುವ ಒಪ್ಪಂದ ಮಾಡಿಕೊಂಡರು. ಆದರೂ ಇದು ದುಬಾರಿ ನೀರೇ.

ಎರಡನೆಯ ಘಟಕ ಬಂದದ್ದು ಪರ್ತ್‌ನಿಂದ ದಕ್ಷಿಣಕ್ಕೆ ಸುಮಾರು 150 ಕಿ.ಮೀ. ದೂರದ ಬಿನ್ನಿಂಗಪ್‌ನಲ್ಲಿ, ಮರ್ಫಿ ಕಾಲದಲ್ಲಿ. 2010ರ ಬರ ನೋಡಿದ ಮೇಲೆ, 2011ರಲ್ಲಿ, ಅದು ನೀರು ಕೊಡಲು ಶುರುಮಾಡುವ ಹೊತ್ತಿಗೇ ಅದನ್ನು ಇಮ್ಮಡಿ ಮಾಡುವ ತೀರ್ಮಾನವಾಗಿತ್ತು. ಎರಡು ವರ್ಷ ಕಳೆಯುವುದರೊಳಗೆ ಅದರ ಸಾಮರ್ಥ್ಯ 100 ಶತಕೋಟಿ ಲೀಟರ್ ಮುಟ್ಟಿತು. ಅಣೆಕಟ್ಟೆಗಳು ಏನಾದವು ಅಂತೀರಾ? ಹೆಚ್ಚಾದ ಸಿಹಿನೀರನ್ನು ಬೆಟ್ಟ ಹತ್ತಿಸಿ ಅವುಗಳಲ್ಲೇ ಕೂಡಿಡುತ್ತಾರೆ. ಹೊಳೆ ತುಂಬಿಸುತ್ತಿದ್ದ ಕಟ್ಟೆಗೆ ಈಗ ಕಡಲ ನೀರು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಇಂಥ ಕಟ್ಟೆಗೆ ಬಾಗಿನ ಬಿಡುವುದು ಯಾವ ತಿಂಗಳಲ್ಲೋ!

ಬೆಂಗಳೂರಿಗೂ ಸಮುದ್ರದ ನೀರು ತರೋಣ ಎನ್ನುವವರು ಆಗಾಗ ಸಿಗುತ್ತಾರೆ. ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಅವರು ಮರೆತಿರುತ್ತಾರೆ. ಪರ್ತ್‌ನಿಂದ ನಾವು ಕಲಿಯಬೇಕಾದ ಪಾಠ ಒಂದಿದ್ದರೆ ಅದು ಕಡಲಿನದಲ್ಲ, ಚರಂಡಿಯದು.

ಆ ನಗರ ಕೂತಿರುವುದು ಮರಳಿನ ಮೇಲೆ. ಕೆಳಗೆ ಬಹಳ ಆಳದವರೆಗೆ ನೀರಿನ ಪದರಗಳಿವೆ, ಅವೂ ಇಳಿಯುತ್ತಿದ್ದವು. ಉತ್ತರದ ಬೀನ್ಯಪ್ ಕೊಳಚೆ ನೀರು ಶುದ್ಧೀಕರಣ ಘಟಕದ ನೀರನ್ನು ಮತ್ತೆ ಸೋಸಿ, ಆರ್‌ಒ ಮಾಡಿ, ಅತಿನೇರಳೆ ಕಿರಣಕ್ಕೆ ಒಡ್ಡಿ, ಭೂಮಿಯ ಆಳಕ್ಕೆ ಇಳಿಸಬಹುದಲ್ಲ ಎಂಬುದು ಯೋಚನೆ. ತಂತ್ರಜ್ಞಾನ ಸಿದ್ಧವಿತ್ತು. ಜನ ಕುಡಿಯಬೇಕಲ್ಲ? 2006ರಲ್ಲಿ ಆಸ್ಟ್ರೇಲಿಯಾದ ಇನ್ನೊಂದು ಮೂಲೆಯ ಟೂವೂಂಬಾ ಊರಿನವರು ಬರಗಾಲದ ನಡುವೆಯೇ ಮತ ಹಾಕಿ, ಶುದ್ಧೀಕರಿಸಿದ ಕೊಳಚೆ ನೀರು ನಮಗೆ ಬೇಡ ಎಂದಿದ್ದರು. ನೂರಕ್ಕೆ ಅರವತ್ತಕ್ಕೂ ಹೆಚ್ಚು ಮತ ‘ಬೇಡ’ದ ಕಡೆ.

ಪರ್ತ್ ಹಿಡಿದ ದಾರಿ ನಿಧಾನದ್ದು. 2010ರಿಂದ 2012ರವರೆಗೆ ಚಿಕ್ಕ ಪ್ರಮಾಣದ ಪ್ರಯೋಗ. ಆರೋಗ್ಯ ಇಲಾಖೆ, ಪರಿಸರ ಇಲಾಖೆ, ಜಲ ಇಲಾಖೆ ಮೊದಲೇ ಕೂತು ಯಾವುದನ್ನು ಅಳೆಯಬೇಕು, ಎಷ್ಟಿದ್ದರೆ ಸರಿ ಎಂದು ನಿಗದಿ ಮಾಡಿದವು. ಅರವತ್ತು ಸಾವಿರಕ್ಕೂ ಹೆಚ್ಚು ಅಳತೆಗಳು ನಡೆದವು, ಎಲ್ಲವೂ ಕುಡಿಯುವ ನೀರಿನ ಮಾನದಂಡದೊಳಗೆ ಬಂದವು. ಘಟಕದ ಪಕ್ಕದಲ್ಲೇ ಜನರಿಗೆಂದು ಒಂದು ಕೇಂದ್ರ ತೆರೆದು, ಬಂದವರಿಗೆ ಕೊಳವೆ, ಪೊರೆ, ಫಲಿತಾಂಶ ಎಲ್ಲವನ್ನೂ ತೋರಿಸಿದರು. ಸಾವಿರಾರು ಮಂದಿ ಬಂದು ನೋಡಿಹೋದರು. 2013ರಲ್ಲಿ ಸರ್ಕಾರ ಪೂರ್ಣ ಪ್ರಮಾಣದ ಘಟಕಕ್ಕೆ ಒಪ್ಪಿತು, 2017ರಲ್ಲಿ ಭೂಮಿಗೆ ನೀರು ಇಳಿಯತೊಡಗಿತು. ಮೊದಲು ವರ್ಷಕ್ಕೆ 14 ಶತಕೋಟಿ ಲೀಟರ್, ಆಮೇಲೆ ಅದರ ಇಮ್ಮಡಿ, ಅಂದರೆ ಸುಮಾರು ಒಂದು ಟಿಎಂಸಿ. ಓಕಾನರ್ ಕಾಲದಲ್ಲಿ ಎಂಜಿನಿಯರ್ ಒಂದು ಕಡೆ, ಊರು ಇನ್ನೊಂದು ಕಡೆ ನಿಂತಿತ್ತು. ಈ ಸಲ ಊರನ್ನು ಘಟಕದೊಳಕ್ಕೇ ಕರೆದುಕೊಂಡು ಬಂದರು. ನನ್ನ ಮಟ್ಟಿಗೆ ಮರ್ಫಿ ಕಾಲದ ದೊಡ್ಡ ಕೆಲಸ ಇದೇ, ಬಿನ್ನಿಂಗಪ್ ಆಮೇಲಿನದು.

ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಕೊಳಚೆ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು, ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಕೋರ್ಟು ಹತ್ತಿತು. ಮೂರನೆಯ ಹಂತದ ಶುದ್ಧೀಕರಣ ಬೇಕು ಎಂಬ ಕೂಗು ಇನ್ನೂ ನಿಂತಿಲ್ಲ. ಒಣಗಿದ್ದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು, ಅದೂ ನಿಜ. ಪರ್ತ್‌ನವರು ಮೊದಲು ಪರೀಕ್ಷೆ ಮಾಡಿ ಆಮೇಲೆ ನೀರು ಬಿಟ್ಟರು. ನಾವು ಮೊದಲು ನೀರು ಬಿಟ್ಟು ಆಮೇಲೆ ಪರೀಕ್ಷೆಯ ಬಗ್ಗೆ ಜಗಳಕ್ಕೆ ಕೂತೆವು.

ಹಾಗೆಂದು ಪರ್ತ್ ಗೆದ್ದುಬಿಟ್ಟಿತು ಎನ್ನುವಂತೆಯೂ ಇಲ್ಲ. ಮನೆ ಮುಂದಿನ ಹುಲ್ಲುಹಾಸಿನ ಮೋಹ ಆ ಊರಿಗೆ ಬಲು ಹೆಚ್ಚು, ಮನೆಬಳಕೆಯ ನೀರಿನಲ್ಲಿ ದೊಡ್ಡ ಪಾಲು ತೋಟಕ್ಕೇ ಹೋಗುತ್ತದೆ. 2009ರಲ್ಲಿ ಮರ್ಫಿಯವರ ಸಂಸ್ಥೆ 2060ರವರೆಗಿನ ಐವತ್ತು ವರ್ಷದ ಯೋಜನೆ ಬರೆದಾಗ ಹೊಸ ನೀರಿನ ಮೂಲಗಳ ಜೊತೆಗೆ ಬಳಕೆಯನ್ನು ಕಾಲು ಭಾಗ ಇಳಿಸುವ ಗುರಿಯನ್ನೂ ಸೇರಿಸಿತ್ತು. ಮಳೆಗಾಲದ ಮೂರು ತಿಂಗಳು, ಅಲ್ಲಿನ ಜೂನ್ 1ರಿಂದ ಆಗಸ್ಟ್ 31ರವರೆಗೆ, ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವಂತಿಲ್ಲ ಎಂಬ ನಿಯಮ 2010ರಲ್ಲಿ ಬಂತು. ಅದು ಈಗಲೂ ಇದೆ.

2018ರ ಕೊನೆಯ ಹೊತ್ತಿಗೆ ಮರ್ಫಿ ಹುದ್ದೆಯಿಂದ ಇಳಿದರು. ಅವರ ನಂತರ ವಾಟರ್ ಕಾರ್ಪೊರೇಷನ್ ಪರ್ತ್‌ನ ಉತ್ತರಕ್ಕೆ, ಅಲ್ಕಿಮೋಸ್ ಎಂಬಲ್ಲಿ, ಮೂರನೆಯ ಉಪ್ಪು ತೆಗೆಯುವ ಘಟಕದ ಯೋಜನೆ ಕೈಗೆತ್ತಿಕೊಂಡಿದೆ. ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 50 ಶತಕೋಟಿ ಲೀಟರ್.