2,024 ಮತಗಳ ಲೆಕ್ಕ

2024ರ ಮೇ 7. ಹರಿಹರದಲ್ಲಿ ನನ್ನ ಮೊದಲ ಮತದಾನ. ಪಿಯುಸಿ ಮುಗಿಸಿ ಸಿಇಟಿ ಫಲಿತಾಂಶಕ್ಕೆ ಕಾಯುತ್ತಿದ್ದ ದಿನಗಳು. ‘ನಿನ್ ಒಂದ್ ಓಟಿಗೆ ಏನಾಗ್ತತಲೇ?’ ಎಂದು ಗೆಳೆಯ ನಕ್ಕಿದ್ದ. ಉತ್ತರ ಆಗ ಗೊತ್ತಿರಲಿಲ್ಲ. ದಾವಣಗೆರೆಯಲ್ಲಿ ಬಿಇ ಸೇರಿದ ಮೇಲೆ ಹಳೆಯ ಫಲಿತಾಂಶಗಳನ್ನು ನೋಡುತ್ತಾ ಕುಳಿತಾಗ ಅದು ಸಿಕ್ಕಿತು.

ಎಸ್.ಎಸ್. ಮಲ್ಲಿಕಾರ್ಜುನ ಅವರನ್ನೇ ನೋಡಿ. 1999ರಲ್ಲಿ ವಿಧಾನಸಭೆಗೆ ಗೆದ್ದರು. 2013ರಲ್ಲಿ ದಾವಣಗೆರೆ ಉತ್ತರದಿಂದ ಗೆದ್ದರು, 2018ರಲ್ಲಿ ಸೋತರು, 2023ರಲ್ಲಿ ಮತ್ತೆ ಗೆದ್ದರು. ಆದರೆ ಲೋಕಸಭೆಗೆ ನಿಂತಾಗ 2004, 2009, 2014ರಲ್ಲಿ ಮೂರು ಸಲವೂ ಜಿ.ಎಂ. ಸಿದ್ದೇಶ್ವರ ಅವರೆದುರು ಸೋಲು. 2024ರಲ್ಲಿ ಆ ಕ್ಷೇತ್ರವನ್ನು 26,094 ಮತಗಳಿಂದ ಗೆದ್ದವರು ಅವರ ಪತ್ನಿ ಡಾ. ಪ್ರಭಾ.

ವಿಧಾನಸಭೆಗೆ ಒಂದು ಲೆಕ್ಕ, ಲೋಕಸಭೆಗೆ ಇನ್ನೊಂದು ಲೆಕ್ಕ ಎಂಬುದು ನಮ್ಮ ಮತದಾರರಿಗೆ ಚೆನ್ನಾಗಿ ಗೊತ್ತು. 2013ರಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಏಳು ಕಾಂಗ್ರೆಸ್ ಪಾಲಾದವು. ಮರುವರ್ಷವೇ ಆ ಪಕ್ಷ ಇಲ್ಲಿ 17,607 ಮತಗಳಿಂದ ಸೋತಿತು. ನಮ್ಮ ಹರಿಹರವಂತೂ 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿ ಎಂದು ಪ್ರತಿಸಲ ಶಾಸಕರನ್ನು ಬದಲಿಸಿದೆ. ಇಲ್ಲಿ ಯಾರ ಓಟೂ ಯಾರ ಜೇಬಿನಲ್ಲೂ ಇಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು 2009ರ ಅಂಕಿ. ಆ ವರ್ಷ ಗೆಲುವಿನ ಅಂತರ ಬರೀ 2,024. ಎಂಟು ಕ್ಷೇತ್ರಗಳಿಗೆ ಹಂಚಿದರೆ ತಲಾ 253. ಕಾಲೇಜಿನ ನಾಲ್ಕು ಸೆಕ್ಷನ್ನಿನ ಹುಡುಗ ಹುಡುಗಿಯರನ್ನು ಒಟ್ಟು ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ ಮಂದಿ!

ಇದನ್ನು ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಸಲ ನಾನು ಬೆಂಗಳೂರಲ್ಲಿ ಕೆಲಸಕ್ಕಿದ್ದೆ. ಒಂದು ಓಟಿಗೋಸ್ಕರ ಬಸ್ ಚಾರ್ಜ್ ಯಾಕೆ ಅಂತ ಬರಲಿಲ್ಲ’ ಎಂದರು. ಅವತ್ತು ಹಾಗೆ ಅಂದುಕೊಂಡವರು ಎಷ್ಟು ಮಂದಿಯೋ!

ಈಗ ಪಿಜಿ, ಹಾಸ್ಟೆಲ್, ಕೆಲಸದ ಹುಡುಕಾಟ ಎಂದು ಊರು ಬಿಟ್ಟಿರುವವರು ನಾವು. ಹೆಸರು ಮಾತ್ರ ಊರಿನ ಮತದಾರರ ಪಟ್ಟಿಯಲ್ಲೇ ಇದೆ. ವಾಸ ಬದಲಾಗಿದ್ದರೆ ನಮೂನೆ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಬಹುದು. ಇನ್ನೂ ಹೆಸರೇ ಸೇರಿಸದವರಿಗೆ ನಮೂನೆ 6 ಇದೆ. ಎರಡೂ ಬೇಡವೆಂದರೆ ಆ ದಿನ ಊರಿನ ಬಸ್ಸು ಹತ್ತಬೇಕು. ಯಾರಿಗೆ ಹಾಕುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ಗೆಳೆಯನಿಗೆ ‘2,024’ ಎಂದಷ್ಟೇ ಮೆಸೇಜ್ ಹಾಕಿದೆ. ‘ಇದೇನ್ ಲೇ, ಇಸವಿನಾ?’ ಎಂದು ಕೇಳಿದ್ದಾನೆ. ಈ ಬರಹವೇ ಅವನಿಗೆ ಉತ್ತರ.