ರ‍್ಯಾಮ್ ಖಾಲಿ ಇದ್ದರೂ ಡೇಟಾಬೇಸ್ ‘ಮೆಮೊರಿ ಇಲ್ಲ’ ಎನ್ನುವುದೇಕೆ?

ಡೇಟಾಬೇಸ್ ‘ಔಟ್ ಆಫ್ ಮೆಮೊರಿ’ ಎಂದು ದೂರಿದರೆ ರ‍್ಯಾಮ್ ಹೆಚ್ಚಿಸಿಬಿಡಿ ಎನ್ನುವ ಸಲಹೆ ತಕ್ಷಣ ಬರುತ್ತದೆ. ಕೆಲವೊಮ್ಮೆ ಅದು ಸರಿಯೇ. ಆದರೆ ಅರ್ಧ ರ‍್ಯಾಮ್ ಖಾಲಿ ಬಿದ್ದಿರುವಾಗಲೂ ಈ ದೋಷ ಬರಬಹುದು. ಲಿನಕ್ಸ್ ಮೇಲೆ ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಉದಾಹರಣೆಯಾಗಿ ಇಟ್ಟುಕೊಂಡು ಕಾರಣ ನೋಡೋಣ.

ಮದುವೆಗೆ 500 ಜನರನ್ನು ಕರೆದು 350 ಜನರಿಗೆ ಅಡುಗೆ ಮಾಡಿಸುವುದು ನಮ್ಮಲ್ಲಿ ಮಾಮೂಲು, ಕರೆದವರೆಲ್ಲ ಬರುವುದಿಲ್ಲವಲ್ಲ! ಲಿನಕ್ಸ್ ಕೂಡ ಪ್ರೋಗ್ರಾಮುಗಳು ಕೇಳಿದ ಮೆಮೊರಿಗೆ ಸಾಮಾನ್ಯವಾಗಿ ‘ಆಗಲಿ’ ಎಂದುಬಿಡುತ್ತದೆ. ಜಾಗ ಕೊಡುವುದು ನಿಜವಾಗಿ ಬಳಸಿದಾಗ ಮಾತ್ರ. ಇದೇ ಓವರ್‌ಕಮಿಟ್. ಎಲ್ಲರೂ ಒಂದೇ ಪಂಕ್ತಿಗೆ ಕುಳಿತರೆ? ಆಗ ಕರ್ನಲ್‌ನ ‘ಓಓಎಂ ಕಿಲ್ಲರ್’ ಒಂದು ಪ್ರೋಸೆಸ್ ಆರಿಸಿ ಕೊಲ್ಲುತ್ತದೆ. ಹೆಚ್ಚು ಮೆಮೊರಿ ಹಿಡಿದಿರುವುದು ಡೇಟಾಬೇಸೇ ಆದ್ದರಿಂದ ಬಲಿ ಬೀಳುವುದೂ ಬಹುಪಾಲು ಅದೇ. ಹೀಗೆ ಒಂದು ಪ್ರೋಸೆಸ್ ಸತ್ತರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಗ್ರೆಸ್ ಉಳಿದೆಲ್ಲ ಸಂಪರ್ಕಗಳನ್ನೂ ಕಡಿದು ಹೊಸದಾಗಿ ಶುರುವಾಗುತ್ತದೆ. ಯಾರದೋ ಒಂದು ವರದಿಗಾಗಿ ಎಲ್ಲರ ಅರ್ಧಕ್ಕೆ ನಿಂತ ವ್ಯವಹಾರವೂ ರದ್ದು.

ಇದನ್ನು ತಪ್ಪಿಸಲು ಓವರ್‌ಕಮಿಟ್ ಸೆಟ್ಟಿಂಗನ್ನು 2ಕ್ಕೆ ಇಡುವುದುಂಟು. ಪೋಸ್ಟ್‌ಗ್ರೆಸ್ ಕೈಪಿಡಿಯೂ ಇದನ್ನು ಹೇಳುತ್ತದೆ. ಆಗ ಕರ್ನಲ್ ಲೆಕ್ಕ ಹಾಕಿಯೇ ಮಾತು ಕೊಡುತ್ತದೆ. ಬದಲಾಯಿಸದಿದ್ದರೆ ಮಿತಿ, ಸ್ವಾಪ್ ಜೊತೆಗೆ ರ‍್ಯಾಮ್‌ನ ಶೇ. 50 ಮಾತ್ರ. ಅಂದರೆ ಸ್ವಾಪ್ ಇಲ್ಲದ 64 ಜಿಬಿ ಯಂತ್ರದಲ್ಲಿ ಸುಮಾರು 32 ಜಿಬಿ. ಖಾಲಿ ಇದ್ದೂ ‘ಇಲ್ಲ’ ಎನ್ನುವುದರ ಗುಟ್ಟು ಇದು. ಈ ಮಿತಿಯನ್ನು ಏರಿಸಿದರೆ ಸಾಕು, ರ‍್ಯಾಮ್ ಕೊಳ್ಳಬೇಕಿಲ್ಲ. ನಮ್ಮ ಮಟ್ಟಿಗೆ ಈ ದೋಷವೇ ಮೇಲು: ಕೇಳಿದ ಕ್ವೆರಿ ಮಾತ್ರ ನಿಲ್ಲುತ್ತದೆ, ಉಳಿದವರ ಕೆಲಸ ಸಾಗುತ್ತದೆ.

ಹಾಗಾಗಿ ಮೊದಲು ಲಾಗ್ ನೋಡಬೇಕು. ‘ಔಟ್ ಆಫ್ ಮೆಮೊರಿ’ ಎಂದು ಡೇಟಾಬೇಸೇ ಬರೆದಿದ್ದರೆ ಕೇಳಿದ್ದು ಸಿಗಲಿಲ್ಲ ಎಂದರ್ಥ. ‘ಸಿಗ್ನಲ್ 9’ ಎಂದಿದ್ದು, ಕರ್ನಲ್ ಲಾಗ್‌ನಲ್ಲೂ ‘ಕಿಲ್ಡ್ ಪ್ರೋಸೆಸ್’ ಸಾಲು ಇದ್ದರೆ ಕೊಂದದ್ದು ಕಿಲ್ಲರ್. ಕಂಟೇನರ್‌ನಲ್ಲಿ ಓಡಿಸುತ್ತಿದ್ದರೆ ಅದಕ್ಕೆ ಹಾಕಿದ ಮಿತಿಯನ್ನೂ ನೋಡಿ; ಆ ಮಿತಿ ಮುಟ್ಟಿದರೆ ಯಂತ್ರದಲ್ಲಿ ಎಷ್ಟು ಜಾಗವಿದ್ದರೂ ಸಾವು ತಪ್ಪದು.

ಅಷ್ಟು ಮೆಮೊರಿ ತಿಂದದ್ದು ಯಾರು? ಅನೇಕ ಸಲ ‘ವರ್ಕ್ ಮೆಮ್’ ಎಂಬ ಸೆಟ್ಟಿಂಗ್. ಮೂಲದಲ್ಲಿ ಇದು 4 ಎಂಬಿ. ವೇಗ ಸಿಗಲೆಂದು 256 ಎಂಬಿ ಮಾಡುತ್ತಾರೆ. ಇದು ಇಡೀ ಸರ್ವರಿಗಲ್ಲ, ಒಂದು ಸಂಪರ್ಕಕ್ಕೂ ಅಲ್ಲ; ಕ್ವೆರಿಯೊಳಗಿನ ಒಂದೊಂದು ವಿಂಗಡಣೆಗೆ. 100 ಸಂಪರ್ಕಗಳು ತಲಾ ಎರಡು ವಿಂಗಡಣೆ ನಡೆಸಿದರೆ 50 ಜಿಬಿ! ಎಲ್ಲರಿಗೂ ಕಡಿಮೆ ಇಟ್ಟು, ದೊಡ್ಡ ವರದಿಯ ಸಂಪರ್ಕಕ್ಕಷ್ಟೇ ಹೆಚ್ಚಿಸುವುದು ಜಾಣತನ.

ಕ್ಲಸ್ಟರ್ ಇದೆಯಲ್ಲ, ಒಂದು ಬಿದ್ದರೆ ಇನ್ನೊಂದು ಎನ್ನುವ ಧೈರ್ಯವೂ ಇಲ್ಲಿ ಪೂರ್ತಿ ನಡೆಯದು. ಮುಖ್ಯ ಸರ್ವರ್ ಸತ್ತು ಬದಲಿ ಸರ್ವರ್ ಮುಂದೆ ಬಂದರೆ, ಅಪ್ಲಿಕೇಶನ್ ಅದೇ ಕ್ವೆರಿಯನ್ನು ಅದಕ್ಕೂ ಕಳಿಸುತ್ತದೆ. ಸೆಟ್ಟಿಂಗ್ ಒಂದೇ ಆಗಿದ್ದರೆ ಗತಿಯೂ ಒಂದೇ. ಸತ್ತ ಪ್ರೋಸೆಸ್ ಯಾವ ಕ್ವೆರಿ ನಡೆಸುತ್ತಿತ್ತೆಂದು ಪೋಸ್ಟ್‌ಗ್ರೆಸ್ ‘ಸಿಗ್ನಲ್ 9’ ಸಾಲಿನ ಕೆಳಗೇ ಸಾಮಾನ್ಯವಾಗಿ ಬರೆದಿರುತ್ತದೆ. ಮೊದಲು ನಿಲ್ಲಿಸಬೇಕಾದದ್ದು ಅದನ್ನು.